ಬೆನಿಡಾರ್ಮಿನ ಲಿಫ್ಟೂ ಹಾಕ್ಸ್‌ಬಿ ಟೌನೂ

ನೆವಿಲ್ ಸಗ್ಡನ್‌ಗೆ ಸ್ಪ್ಯಾನಿಷ್ ಬರುತ್ತದೆ ಎಂಬ ವಿಷಯ ಇಂಗ್ಲೆಂಡಿನ ನಮ್ಮ ಹಾಕ್ಸ್‌ಬಿ ಊರಿಗೆ ಗೊತ್ತಾದದ್ದು ನೆವಿಲ್ಲನ ಬಾಯಿಂದಲೇ. ಬೇರೆ ಯಾರೂ ಅದನ್ನು ಒಪ್ಪುವ ಹಾಗೂ ಇರಲಿಲ್ಲ, ಅಲ್ಲಗಳೆಯುವ ಹಾಗೂ ಇರಲಿಲ್ಲ, ಯಾಕೆಂದರೆ ಊರಿನಲ್ಲಿ ಇನ್ಯಾರಿಗೂ ಆ ಭಾಷೆ ಬರುತ್ತಿರಲಿಲ್ಲ. ಟಪಾಲು ಹಂಚಿ ಹಂಚಿ ನಿವೃತ್ತನಾದ ಮನುಷ್ಯ. ಲೈಬ್ರರಿಯಿಂದ ಒಂದು ಸಿ.ಡಿ. ತಂದು ಚಳಿಗಾಲವಿಡೀ ಅಡುಗೆಮನೆಯಲ್ಲಿ ಹಾಕಿಕೊಂಡು ಕೂತಿದ್ದ. ಅವನ ಪಕ್ಕದ ಮನೆಯವನಾದ ನನಗೆ ಗೋಡೆಯ ಈಚೆಯಿಂದಲೇ ಅರ್ಧ ಪಾಠ ಆಯಿತು. ಅವನಿಗೂ ಆದದ್ದು ಅಷ್ಟೇ ಅಂತ ಸ್ಪೇನಿನ ಕಡಲೂರು ಬೆನಿಡಾರ್ಮಿಗೆ ಹೋದಮೇಲೆ ಗೊತ್ತಾಯಿತು.

ಬೆನಿಡಾರ್ಮಿಗೆ ಹೋಗುವ ಯೋಚನೆ ಅವನ ಹೆಂಡತಿ ಡೋರೀನ್‌ದು. ಜನವರಿಯಲ್ಲೇ ಟಿಕೆಟ್ ಮಾಡಿಸಿದ್ದಳು. ಫುಟ್‌ಬಾಲ್ ಸೀಸನ್ನಿನ ಕೊನೆಯ ವಾರ ಅಂತ ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ. ನಮ್ಮ ಹಾಕ್ಸ್‌ಬಿ ಟೌನ್ ತಂಡದ ಸೀಸನ್ನು ಈಸ್ಟರ್ ಹೊತ್ತಿಗೆ ಉಸಿರು ಬಿಟ್ಟಿರುತ್ತದೆ ಎಂಬುದು ಲೋಕಕ್ಕೇ ಗೊತ್ತಿರುವ ಸಂಗತಿ. ಆದರೆ ಆ ವರ್ಷ ಯಾವ ದೇವರು ಮೈಮೇಲೆ ಬಂದಿದ್ದನೋ, ನಮ್ಮ ಹುಡುಗರು ಫೆಬ್ರವರಿಯಿಂದ ಸೋಲುವುದನ್ನೇ ಮರೆತುಬಿಟ್ಟರು. ಕೊನೆಗೆ ಒಂದೇ ಒಂದು ಆಟ ಉಳಿಯಿತು. ಅದನ್ನು ಗೆದ್ದರೆ ಮೇಲಿನ ದರ್ಜೆಗೆ ಬಡ್ತಿ. ಅಲ್ಲಿ ನಾವು ಕಡೆಯದಾಗಿ ಆಡಿದ್ದು ನೆವಿಲ್ಲನಿಗೆ ಇನ್ನೂ ಮೀಸೆ ಮೂಡದ ಕಾಲದಲ್ಲಿ.

ಆ ಆಟ ನಡೆಯುವುದು ಬೇರೆ ಊರಿನ ಕೋಳಿಗೂಡಿನಂಥ ಮೈದಾನದಲ್ಲಿ. ನಮ್ಮೂರಿಗೆ ಸಿಕ್ಕಿದ ಟಿಕೆಟ್ಟು ಬೆರಳೆಣಿಕೆಯಷ್ಟು. ಟಿವಿಯಲ್ಲಿ ನೋಡೋಣವೆಂದರೆ ನಮ್ಮ ದೇಶದಲ್ಲಿ ಶನಿವಾರ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಆಟವನ್ನು ತೋರಿಸುವ ಹಾಗಿಲ್ಲ. ಜನ ಮನೆಯಲ್ಲಿ ಕೂರದೆ ಮೈದಾನಕ್ಕೆ ಹೋಗಲಿ ಅಂತ ಹಿರಿಯರು ಮಾಡಿಟ್ಟ ಕಟ್ಟಳೆ. ಹೊರದೇಶದಲ್ಲಿ ಕೂತವರು ಮಾತ್ರ ಆರಾಮಾಗಿ ನೋಡಬಹುದು. ಊರವರಿಗೆ ಇಲ್ಲದ್ದು ಪರದೇಶಿಗೆ ಉಂಟು.

ಅಭಿಮಾನಿಗಳ ಕ್ಲಬ್ಬಿನಲ್ಲಿ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನೆವಿಲ್ ಎದ್ದು ನಿಂತ.

"ನಾನು ಆವತ್ತು ಸ್ಪೇನಲ್ಲಿರ್ತೀನಿ. ಅಲ್ಲಿ ತೋರಿಸ್ತಾರೆ. ಫೋನಲ್ಲಿ ಒಂದೊಂದು ಒದೆತಾನೂ ಹೇಳ್ತೀನಿ. ನೀವು ಇಲ್ಲಿ ಕೂತು ಕೇಳಿ."

"ಅಲ್ಲಿ ಟಿವಿ ಹಾಕಿ ಅಂತ ಕೇಳೋಕೆ ಭಾಷೆ ಬೇಕಲ್ಲೋ," ಅಂದ ಕ್ಲಬ್ಬಿನ ಕಾರ್ಯದರ್ಶಿ ಸೆಡ್ರಿಕ್.

"ಭಾಷೆ ನನಗೆ ಬಿಡು," ಅಂದ ನೆವಿಲ್.

ಚಪ್ಪಾಳೆ ಬಿತ್ತು. ಸ್ಕೋರು ಹೇಗೂ ಫೋನಿನಲ್ಲಿ ಬರುತ್ತದಲ್ಲ ಅಂತ ನೀವು ಕೇಳಬಹುದು. ಬರುತ್ತದೆ. ಆದರೆ ಬರೀ ಸ್ಕೋರು ನೋಡುವುದೆಂದರೆ ಊಟ ಬಿಟ್ಟು ಬಿಲ್ಲು ಓದಿದ ಹಾಗೆ. ಆಟ ನಡೆಯುವಾಗ ಯಾರೂ ಕದ್ದು ಸ್ಕೋರು ನೋಡದಿರಲಿ ಅಂತ ಎಲ್ಲರ ಫೋನನ್ನೂ ಒಂದು ಬಕೆಟ್ಟಿಗೆ ಹಾಕಿಸುವುದಾಗಿ ಸೆಡ್ರಿಕ್ ಅಲ್ಲೇ ಘೋಷಿಸಿದ. ಅಂದರೆ ಇಡೀ ಹಾಕ್ಸ್‌ಬಿಯ ಕಣ್ಣು, ಕಿವಿ ಎರಡೂ ನೆವಿಲ್ಲನ ನಾಲಿಗೆಯ ಮೇಲೆ ನಿಂತವು. ಆ ನಾಲಿಗೆಯನ್ನು ನಾನು ಎಷ್ಟೋ ವರ್ಷದಿಂದ ಬಲ್ಲೆ.

ಬೆನಿಡಾರ್ಮಿಗೆ ನಾವು ನಾಲ್ವರು ಹೋದೆವು. ನೆವಿಲ್, ಡೋರೀನ್, ನಾನು, ಮತ್ತೆ ಡೋರೀನಳ ತಮ್ಮ ಕ್ಲೈವ್. ಈ ಕ್ಲೈವ್ ಹುಟ್ಟಿದ್ದು ಹಾಕ್ಸ್‌ಬಿಯಲ್ಲೇ ಆದರೂ ಅಭಿಮಾನ ಇಟ್ಟಿದ್ದು ಮ್ಯಾಂಚೆಸ್ಟರಿನ ದೊಡ್ಡ ತಂಡದ ಮೇಲೆ. ಟೋಪಿಯ ಮೇಲೆ, ಚೀಲದ ಮೇಲೆ, ಕೋಟಿನ ಮೇಲೆ ಆ ತಂಡದ ಬಿಲ್ಲೆಗಳನ್ನು ಚುಚ್ಚಿಕೊಂಡು ಪದಕ ಬಂದ ಸೇನಾಪತಿ ಥರ ಓಡಾಡುವವನು.

ನಾವು ಹೋದ ದಿನವೇ ಹೊಟೇಲಿನ ಲಿಫ್ಟು ಕೆಟ್ಟಿತು. ಕ್ಲೈವನೂ ಡೋರೀನಳೂ ಪೆಟ್ಟಿಗೆ ಪೇರಿಸಿಕೊಂಡು ಏಳನೇ ಮಹಡಿಗೆ ಹೋದದ್ದೇ ಅದರ ಕೊನೆಯ ಯಾತ್ರೆ. ಆಮೇಲೆ ಅದು ಅಲ್ಲಾಡಲಿಲ್ಲ. ಡೋರೀನಳ ಮಂಡಿ ಮೊದಲೇ ಸರಿಯಿಲ್ಲ. ಏಳು ಮಹಡಿ ಇಳಿದರೆ ಮತ್ತೆ ಹತ್ತುವವರು ಯಾರು ಅಂತ ಅವಳು ಮೇಲೆಯೇ ಉಳಿದಳು. ದಿನವಿಡೀ ಬಾಲ್ಕನಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಾ ಸಮುದ್ರವನ್ನು ಮೇಲಿನಿಂದಲೇ ನೋಡಿದಳು. ಅವಳಂತೆ ಎಷ್ಟೋ ಅಜ್ಜಿಯರು ಮಹಡಿ ಮಹಡಿಯಲ್ಲಿ ಸಿಕ್ಕಿಬಿದ್ದಿದ್ದರು. ಹೊಟೇಲಿನ ಒಡತಿ ದೊನ್ಯಾ ಎನ್ಕಾರ್ನಾ ಲಿಫ್ಟಿನ ಕಂಪನಿಗೆ ದಿನಾ ಫೋನ್ ಮಾಡುತ್ತಿದ್ದಳು. ಅವರು ದಿನಾ "ನಾಳೆ" ಅನ್ನುತ್ತಿದ್ದರು. ಕೊನೆಗೆ, "ಶನಿವಾರ ಖಂಡಿತ ಒಬ್ಬ ಬರ್ತಾನೆ," ಅಂದರಂತೆ. ಅದೇ ಶನಿವಾರ ಸಂಜೆ ನಗರಸಭೆಯಿಂದ ಇನ್ಸ್‌ಪೆಕ್ಟರ್ ಬರುವವನಿದ್ದ. ಅಷ್ಟರಲ್ಲಿ ಲಿಫ್ಟು ಓಡದಿದ್ದರೆ ಹೊಟೇಲಿಗೆ ಬೀಗ.

ಶನಿವಾರ ಬೆಳಿಗ್ಗೆ ನೆವಿಲ್ ಹಾಕ್ಸ್‌ಬಿ ಟೌನಿನ ಇಟ್ಟಿಗೆ ಬಣ್ಣದ ಜೆರ್ಸಿ ತೊಟ್ಟು ಎನ್ಕಾರ್ನಾಳ ಮುಂದೆ ಹೋಗಿ ನಿಂತ. ನಮ್ಮ ತಂಡದ ಜೆರ್ಸಿಗೆ ಹಣ ಕೊಡುವುದು ಊರಿನ ಗ್ರಿಮ್‌ಶಾ ಲಿಫ್ಟ್ ಕಾರ್ಖಾನೆ. ಹಾಗಾಗಿ ಎದೆಯ ಮೇಲೆ ಎರಡು ದಪ್ಪ ಬಾಣದ ಗುರುತು, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಎದುರಾಳಿ ಊರಿನವರು ಅದನ್ನು ನೋಡಿ ಎಷ್ಟು ಹಾಡು ಕಟ್ಟಿದ್ದಾರೋ ಲೆಕ್ಕವಿಲ್ಲ. ಎನ್ಕಾರ್ನಾ ಆ ಬಾಣಗಳನ್ನೇ ದಿಟ್ಟಿಸಿ ನೋಡಿದಳು.

ನೆವಿಲ್ ಎದೆಯುಬ್ಬಿಸಿ ಸ್ಪ್ಯಾನಿಷಿನಲ್ಲಿ, "ಇವತ್ತು. ನಾಲ್ಕು ಗಂಟೆ. ಅಸೆನ್ಸೊ," ಅಂದ. ನಮ್ಮೂರಿನ ಮೂರು ಗಂಟೆ ಅಂದರೆ ಸ್ಪೇನಿನಲ್ಲಿ ನಾಲ್ಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಭಾಷೆಯಲ್ಲಿ 'ಅಸೆನ್ಸೊ' ಅಂದರೆ ತಂಡಕ್ಕೆ ಬಡ್ತಿ. 'ಅಸೆನ್ಸೋರ್' ಅಂದರೆ ಲಿಫ್ಟು. ನಡುವೆ ಇರುವುದು ಒಂದು 'ರ್'. ನಾವು ಇಂಗ್ಲಿಷರು ಪದದ ಬಾಲದಲ್ಲಿರುವ 'ರ್' ನುಂಗಿಯೇ ಮಾತಾಡುವವರು. ಇಪ್ಪತ್ತು ವರ್ಷ ನಮ್ಮಂಥವರಿಗೆ ಮೊಟ್ಟೆ ಬೇಯಿಸಿ ಹಾಕಿದ ಎನ್ಕಾರ್ನಾಗೆ ಇದು ಚೆನ್ನಾಗಿ ಗೊತ್ತು. ನೆವಿಲ್ ಜನ್ಮದಲ್ಲಿ ಮೊದಲ ಬಾರಿಗೆ ಒಂದು ಪದವನ್ನು ಸರಿಯಾಗಿ ಉಚ್ಚರಿಸಿದ. ಪಾಪ, ನುಂಗಿದ್ದಾನೆ ಅಂತ ಅವಳೇ ಆ 'ರ್' ಸೇರಿಸಿಕೊಂಡಳು.

ಅವಳು ಕುರ್ಚಿಯಿಂದ ಎದ್ದು ಬಂದು ಅವನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. "ನೀವಾ? ಐದು ದಿನದಿಂದ ಇಲ್ಲೇ ಇದ್ದ ನೀವೇನಾ ಆ ಬರಬೇಕಾಗಿದ್ದ ಮನುಷ್ಯ, ಸೆನ್ಯೋರ್? ಮೇಲೆ ಹೋಗುತ್ತಾ?"

"ಹೋಗದೆ ಏನು? ಖಂಡಿತ ಮೇಲೆ. ಐವತ್ತು ವರ್ಷದಿಂದ ಕೆಳಗೇ ಬಿದ್ದಿದೆ."

"ಅಯ್ಯೋ ದೇವರೇ, ಐವತ್ತು ವರ್ಷವಾ? ನಮ್ಮದು ಐದು ದಿನಕ್ಕೇ ಪ್ರಾಣ ಹೋಗ್ತಾ ಇದೆ."

"ತಾಳ್ಮೆ ಬೇಕಮ್ಮ," ಅಂದ ನೆವಿಲ್. ಅಭಿಮಾನಿಗಳ ದುಃಖ ಅವನಿಗೆ ಗೊತ್ತು. "ನನಗೆ ದೊಡ್ಡ ಟಿವಿ ಬೇಕು. ಒಂದು ಸ್ಟೂಲು. ಬಿಯರು. ಜನ ಸುತ್ತ ಇದ್ದರೆ ಒಳ್ಳೇದು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಎನ್ಕಾರ್ನಾ ಒಂದಕ್ಕೂ ಯಾಕೆ ಅಂತ ಕೇಳಲಿಲ್ಲ. ಹಿಂದಿನ ಸಲ ಬಂದ ಮೆಕ್ಯಾನಿಕ್ಕು ಊಟಕ್ಕೆ ಆಕ್ಟೋಪಸ್ಸೇ ಬೇಕು ಅಂತ ಹಟ ಹಿಡಿದಿದ್ದನಂತೆ. ಇವನು ಟಿವಿ ಕೇಳುತ್ತಿದ್ದಾನೆ, ಅಷ್ಟೆ.

ಬಾರಿನಲ್ಲಿ ಇದ್ದದ್ದು ಒಂದೇ ದೊಡ್ಡ ಟಿವಿ. ಅದರ ಮುಂದಿನ ಕುರ್ಚಿಯ ಮೇಲೆ ಕ್ಲೈವ್ ಬೆಳಿಗ್ಗೆಯೇ ತನ್ನ ಟವೆಲು ಹಾಸಿ ಹೋಗಿದ್ದ. ನಾಲ್ಕಕ್ಕೆ ಅವನ ದೊಡ್ಡ ತಂಡದ ಆಟವೂ ಇತ್ತು. ಎನ್ಕಾರ್ನಾ ಟವೆಲನ್ನು ಮಡಚಿ ಅವನ ಕೈಗೇ ಕೊಟ್ಟು, ಟಿವಿಯನ್ನು ಗೋಡೆಯಿಂದ ಇಳಿಸಿ ಹೊತ್ತುಕೊಂಡು ಹೋದಳು.

"ಏನ್ರೀ ಇದು?" ಅಂದ ಕ್ಲೈವ್.

"ಸೆನ್ಯೋರ್ ಸಗ್ಡನ್ ಅವರಿಗೆ," ಅಂದಳು.

ಕ್ಲೈವ್ ಟವೆಲನ್ನು ಹೆಗಲ ಮೇಲೆ ಎಸೆದುಕೊಂಡು ಟಿವಿಯ ಹಿಂದೆಯೇ ಹೊರಟ.

ಮಧ್ಯಾಹ್ನದ ಊಟಕ್ಕೆ ನೆವಿಲ್ ಬಂದಾಗ ಇಡೀ ಊಟದ ಮನೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವನ ತಟ್ಟೆಯ ಅನ್ನದಲ್ಲಿ ಅನ್ನಕ್ಕಿಂತ ಸೀಗಡಿಯೇ ಹೆಚ್ಚು ಇತ್ತು. ಅವನ ಪಕ್ಕ ಕೂತಿದ್ದಕ್ಕೆ ನನ್ನ ತಟ್ಟೆಯಲ್ಲೂ ಅಷ್ಟೇ ಇತ್ತು. ಆ ಹೊತ್ತಿಗೆ ನನಗೆ ವಿಷಯ ಪೂರ್ತಿ ಅರ್ಥವಾಗಿತ್ತು. ಆದರೂ ಸೀಗಡಿ ಬಿಸಿ ಇರುವಾಗ ಗೆಳೆಯನ ಭ್ರಮೆ ಒಡೆಯುವುದು ಸಭ್ಯತೆಯಲ್ಲ ಅಂತ ಸುಮ್ಮನಿದ್ದೆ.

"ನೋಡಿದೆಯಾ," ಅಂದ ನೆವಿಲ್, ಕಣ್ಣಲ್ಲಿ ನೀರು. "ನಮ್ಮೂರ ತಂಡ ಅಂದ್ರೆ ಸ್ಪೇನಿನವರಿಗೂ ಎಷ್ಟು ಗೌರವ. ಹಾಕ್ಸ್‌ಬಿಯಲ್ಲಿ ಯಾರಾದ್ರೂ ನಂಗೆ ಒಂದು ಸೀಗಡಿ ಕೊಟ್ಟಿದ್ದಾರಾ?"

ಊಟ ಮುಗಿಸಿ ಹೊರಬಂದಾಗ ಮೆಟ್ಟಿಲ ಮೇಲಿನಿಂದ ಆರನೇ ಮಹಡಿಯ ಅಜ್ಜಿಯೊಬ್ಬಳು ಕಟಕಟೆ ಹಿಡಿದು ಬಗ್ಗಿ ಕೂಗಿದಳು. "ಏನಪ್ಪಾ, ನೀನೇನಾ ಮೇಲೆತ್ತೋನು?"

"ನಾನೊಬ್ಬನೇ ಅಲ್ಲಮ್ಮ, ಹನ್ನೊಂದು ಜನ ಇದ್ದಾರೆ."

"ಅಷ್ಟು ಜನ ಬೇಕೇನೋ? ಬೇಗ ಮಾಡಿಸು. ನಾನು ಮೇಲೆ ಹೋಗೋದರೊಳಗೆ ಒಂದು ಸಲ ಕೆಳಗೆ ಬರಬೇಕು."

ನಾಲ್ಕು ಗಂಟೆಗೆ ಕೆಳಗಿನ ಹಜಾರಕ್ಕೆ ಬಂದು ನೋಡಿದರೆ, ಎನ್ಕಾರ್ನಾ ಟಿವಿಯನ್ನು ಸೀದಾ ಲಿಫ್ಟಿನ ಬಾಗಿಲ ಮುಂದೆಯೇ ಇಡಿಸಿದ್ದಳು. ಮುಂದೆ ಒಂದು ಸ್ಟೂಲು. ಸ್ಟೂಲಿನ ಸುತ್ತ ಅರ್ಧಚಂದ್ರಾಕಾರದಲ್ಲಿ ಕುರ್ಚಿಗಳು, ಕುರ್ಚಿ ತುಂಬ ಜನ. ಮೊದಲ ಸಾಲಿನಲ್ಲಿ ನಗರಸಭೆಯ ಇನ್ಸ್‌ಪೆಕ್ಟರ್ ಯೋರ್ಕಾ, ಬಿಗಿದ ಟೈ, ಬಿಗಿದ ಮುಖ. ನೆವಿಲ್ ಅವನಿಗೊಂದು ಸಲಾಮು ಹೊಡೆದು, ತನ್ನ ಹಳೇ ಗುಂಡಿ ಫೋನು ತೆಗೆದು ಊರಿಗೆ ಹಚ್ಚಿದ. ನನ್ನ ಫೋನನ್ನು ನಾನು ಮನೆಯಲ್ಲೇ ಬಿಟ್ಟು ಬಂದಿದ್ದೆ, ರಜೆ ಅಂದರೆ ರಜೆ. ಆ ಕಡೆಯಿಂದ ಇಡೀ ಕ್ಲಬ್ಬಿನ ಗದ್ದಲ ಒಮ್ಮೆಗೇ ಕೇಳಿತು.

"ಎಲ್ರೂ ಬಂದಿದೀವಿ ಕಣೋ ನೆವಿಲ್," ಅಂದ ಸೆಡ್ರಿಕ್. "ಫೋನೆಲ್ಲ ಬಕೆಟ್ಟಲ್ಲಿ. ಇನ್ನು ನೀನೇ ದಿಕ್ಕು."

ಆಟ ಶುರುವಾಯಿತು. ನೆವಿಲ್ ಸ್ಟೂಲಿನ ಮೇಲೆ ಕೂರಲೇ ಇಲ್ಲ. "ಎಡಗಡೆ, ಎಡಗಡೆ ಹೋಗು. ಹಾಂ, ಈಗ ಮೇಲಕ್ಕೆ. ಅಯ್ಯೋ, ಹಿಡ್ಕೊಳೋ. ಬಿಡಬೇಡ. ಬಿಟ್ಟ. ಕೆಳಗೆ ಬಂತು, ಕೆಳಗೆ ಬಂತು."

ಇನ್ಸ್‌ಪೆಕ್ಟರ್ ಎನ್ಕಾರ್ನಾ ಕಡೆ ವಾಲಿದ. "ಇವರು ಯಾರ ಹತ್ರ ಮಾತಾಡ್ತಿದಾರೆ?"

"ಅವರ ಕೆಲಸಗಾರರ ಹತ್ರ. ಹನ್ನೊಂದು ಜನ ಇದ್ದಾರಂತೆ. ಎಲ್ಲೋ ಒಳಗಡೆ ಇರಬೇಕು."

"ಟಿವಿಯಲ್ಲಿ ಫುಟ್‌ಬಾಲ್ ಯಾಕೆ?"

ಎನ್ಕಾರ್ನಾ ಭುಜ ಕುಣಿಸಿದಳು. "ಕೆಲಸಗಾರರು ಕೆಲಸ ಮಾಡೋವಾಗ ಮೇಸ್ತ್ರಿ ಇನ್ನೇನು ನೋಡ್ತಾನೆ?"

ಸರ್ಕಾರಿ ಮನುಷ್ಯನಾದ ಯೋರ್ಕಾಗೆ ಈ ಮಾತು ಸರಿಯೆನ್ನಿಸಿತು. ಅವನೂ ಕಾಲು ಚಾಚಿ ಆಟ ನೋಡತೊಡಗಿದ. ಸ್ವಲ್ಪ ಹೊತ್ತಿಗೆ ಟೈ ಸಡಿಲ ಮಾಡಿದ. ಇನ್ನೂ ಸ್ವಲ್ಪ ಹೊತ್ತಿಗೆ, ಬಲಗಡೆ ಆಡುವವನು ಕತ್ತೆ ಅಂತ ಅಭಿಪ್ರಾಯ ಕೊಟ್ಟ. ನಮ್ಮ ಬಲಗಡೆ ಆಡುವವನು ಕತ್ತೆಯೇ. ಆ ಮನುಷ್ಯನಿಗೆ ಆಟ ಗೊತ್ತಿತ್ತು.

ವಿರಾಮಕ್ಕೆ ಸ್ವಲ್ಪ ಮೊದಲು ಎದುರಾಳಿಗಳು ಗೋಲು ಹೊಡೆದರು. ಫೋನಿನ ಆ ಕಡೆ ಇಡೀ ಹಾಕ್ಸ್‌ಬಿ ನಿಟ್ಟುಸಿರು ಬಿಟ್ಟದ್ದು ಈ ಕಡೆಗೂ ಕೇಳಿತು. ವಿರಾಮ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಕ್ಲೈವ್ ಎದ್ದ. ಅವನು ಟವೆಲು ಹೆಗಲ ಮೇಲೆ ಹಾಕಿಕೊಂಡು ಇದನ್ನೇ ಕಾಯುತ್ತಿದ್ದ.

"ದೊನ್ಯಾ ಎನ್ಕಾರ್ನಾ, ಒಂದು ಮಾತು. ಈ ಮನುಷ್ಯ ನನ್ನ ಅಕ್ಕನ ಗಂಡ. ಟಪಾಲು ಹಂಚ್ತಿದ್ದ. ಮನೇಲಿ ನಲ್ಲಿ ಸೋರಿದ್ರೆ ಕೆಳಗೆ ಬಕೆಟ್ಟು ಇಟ್ಟು ಮಲಗ್ತಾನೆ. ಇವನಿಗೆ ಲಿಫ್ಟಿನ ತಲೆ ಯಾವುದು ಬಾಲ ಯಾವುದು ಗೊತ್ತಿಲ್ಲ. ಮೇಲೆ ಹೋಗೋದು ಇವನ ಫುಟ್‌ಬಾಲ್ ಟೀಮು, ನಿಮ್ಮ ಲಿಫ್ಟಲ್ಲ."

ಎನ್ಕಾರ್ನಾ ನೆವಿಲ್ಲನ ಎದೆಯ ಬಾಣಗಳನ್ನು ನೋಡಿದಳು. ಲಿಫ್ಟಿನ ಬಾಗಿಲು ನೋಡಿದಳು. ಆಮೇಲೆ ಎದ್ದು ಹೋಗಿ ಟಿವಿಯ ಪ್ಲಗ್ ಕಿತ್ತು, ಪ್ಲಗ್ಗನ್ನು ಎದೆಗೆ ಅವಚಿಕೊಂಡು ನಿಂತಳು.

"ನನ್ನ ಸೀಗಡಿ," ಅಂದಳು ಮೆತ್ತಗೆ. "ಮೋಸಗಾರ, ನನ್ನ ಸೀಗಡಿಯೆಲ್ಲಾ ತಿಂದೆಯಲ್ಲ." ನಾನು ಮೆಲ್ಲಗೆ ಒಂದು ಕಂಬದ ಹಿಂದೆ ಸರಿದೆ.

ಇನ್ಸ್‌ಪೆಕ್ಟರ್ ಯೋರ್ಕಾ ಎದ್ದು ಟೈ ಮತ್ತೆ ಬಿಗಿ ಮಾಡಿಕೊಂಡ. ಅವನ ಮುಖದಲ್ಲಿ ದುಃಖವಿತ್ತು. ಹೊಟೇಲು ಮುಚ್ಚುವ ದುಃಖವೋ, ಆಟ ನಿಂತ ದುಃಖವೋ ಹೇಳಲಾರೆ.

ನೆವಿಲ್ಲನಿಗೆ ಆಗ ಲಿಫ್ಟಿನ ಚಿಂತೆ ಇರಲಿಲ್ಲ, ಅವಮಾನದ ಚಿಂತೆಯೂ ಇರಲಿಲ್ಲ. ಅವನ ಕೈಯಲ್ಲಿದ್ದ ಫೋನಿನಿಂದ, "ನೆವಿಲ್, ಶುರುವಾಯ್ತಾ? ಎರಡನೇ ಅರ್ಧ ಶುರುವಾಯ್ತಾ? ಹೇಳೋ," ಅಂತ ಇಡೀ ಊರು ಕೂಗುತ್ತಿತ್ತು. ಊರಿಗೆ ಕೊಟ್ಟ ಮಾತು ತಪ್ಪಿತಲ್ಲ ಅನ್ನುವುದೊಂದೇ ಅವನಿಗಿದ್ದ ಸಂಕಟ.

"ಸೆಡ್ರಿಕ್," ಅಂದ. "ಟಿವಿ ಕಿತ್ತುಬಿಟ್ರು ಕಣೋ. ಇಲ್ಲಿ ನನ್ನನ್ನ ಲಿಫ್ಟ್ ರಿಪೇರಿಯವನು ಅಂತ ತಿಳ್ಕೊಂಡಿದ್ರು. ನಾನೇನು ಮಾಡಲಿ? ಏಳನೇ ಮಹಡಿಗೆ ಹೋಗಿ ನಿಂತಿರೋದು ಅಲ್ಲಾಡ್ತಿಲ್ಲವಂತೆ."

ಫೋನಿನ ಆ ಕಡೆ ಕುರ್ಚಿ ಎಳೆದ ಸದ್ದು, ಯಾರೋ ಯಾರನ್ನೋ ಪಕ್ಕಕ್ಕೆ ತಳ್ಳಿದ ಸದ್ದು. ಆಮೇಲೆ ಒಂದು ಹೆಂಗಸಿನ ಗುಡುಗು. "ಯಾವ ಲಿಫ್ಟೋ ಅದು?"

ಅದು ವಿನಿ. ಗ್ರಿಮ್‌ಶಾ ಕಾರ್ಖಾನೆಯಲ್ಲಿ ಲಿಫ್ಟು ಕೂರಿಸುವ ಕೆಲಸದವಳು, ಊರಿನ ಅತಿ ದೊಡ್ಡ ಗಂಟಲಿನವಳು. ಹಾಕ್ಸ್‌ಬಿಯ ಅರ್ಧ ಜನ ಅನ್ನ ತಿನ್ನುವುದೇ ಲಿಫ್ಟಿನಿಂದ. ಅಂಥವರೆಲ್ಲ ಈಗ ಒಂದೇ ಕೋಣೆಯಲ್ಲಿ, ಒಂದೇ ಫೋನಿನ ಸುತ್ತ, ಆಟಕ್ಕಾಗಿ ಬಾಯಿ ಬಿಡುತ್ತಾ ಕೂತಿದ್ದಾರೆ ಎಂಬುದು ಆವರೆಗೆ ನೆವಿಲ್ಲನ ತಲೆಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ ಅನ್ನಿ.

"ಬಾಗಿಲು ಪೂರ್ತಿ ಮುಚ್ಚಿದೆಯಾ?" ಅಂದಳು ವಿನಿ.

"ಗೊತ್ತಿಲ್ಲ. ಅದು ಮೇಲಿದೆ."

"ಕೂದಲೆಳೆಯಷ್ಟು ಸಂದಿ ಇದ್ರೂ ಅದು ಹೊರಡಲ್ಲ ಕಣೋ ದಡ್ಡ. ಬಾಗಿಲ ಹಳಿಯಲ್ಲಿ ಏನಾದ್ರೂ ಸಿಕ್ಕಿದೆಯಾ ನೋಡೋಕೆ ಹೇಳು. ಬೇಗ, ಆಟ ಹೋಗ್ತಾ ಇದೆ."

ಏಳು ಮಹಡಿ ಓಡುವ ಕಾಲು ಹಜಾರದಲ್ಲಿ ಯಾರಿಗೂ ಇರಲಿಲ್ಲ. ನೆವಿಲ್ ಮೆಟ್ಟಿಲ ಬುಡದಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ. "ಡೋರೀನ್‌ಗೆ ಹೇಳಿ, ಬಾಗಿಲ ಹಳಿಯಲ್ಲಿ ಏನೋ ಸಿಕ್ಕಿದೆಯಾ ನೋಡಬೇಕಂತೆ."

ಎರಡನೇ ಮಹಡಿಯಲ್ಲಿದ್ದ ಮುದುಕ ಅದನ್ನು ಮೇಲಕ್ಕೆ ದಾಟಿಸಿದ. "ಬಾಗಿಲಲ್ಲಿ ಏನೋ ಸಿಕ್ಕಿದೆಯಂತೆ, ಡೋರೀನ್‌ಗೆ ಹೇಳಿ."

ನಾಲ್ಕನೇ ಮಹಡಿಯಿಂದ ಕೇಳಿದ್ದು, "ಬಾಗಿಲಲ್ಲಿ ಇಲಿ ಸಿಕ್ಕಿದೆಯಂತೆ."

ಆರನೇ ಮಹಡಿಯ ಅಜ್ಜಿಗೆ ಮೊದಲೇ ಕಿವಿ ಮಂದ, ಬಾಯಿ ಜೋರು. "ಡೋರೀನ್, ಲಿಫ್ಟಲ್ಲಿ ಇಲಿ ಇದೆಯಂತೆ ಕಣೇ. ದೊಡ್ಡದಂತೆ. ಸಾಯಿಸಬೇಕಂತೆ."

ಬೇರೆ ಹೆಂಗಸಾಗಿದ್ದರೆ ಮಂಚ ಹತ್ತುತ್ತಿದ್ದಳು. ಡೋರೀನ್ ಐದು ದಿನ ಬಾಲ್ಕನಿಯಲ್ಲಿ ಕೂತು ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳಲಿ ಅಂತ ಕಾಯುತ್ತಿದ್ದವಳು. ಅವಳ ದನಿ ಏಳು ಮಹಡಿಯ ಕೆಳಗೂ ಸ್ಪಷ್ಟವಾಗಿ ಕೇಳಿತು. "ಬಾಗಿಲು ಬೆರಳಷ್ಟು ಬಿಟ್ಕೊಂಡಿದೆ ಅಂತ ನಾನು ಮೊದಲನೇ ದಿನದಿಂದ ಬಡ್ಕೋತಾ ಇದೀನಿ. ನನ್ನ ಮಾತು ಯಾವಾಗ ಕೇಳಿದೀರಿ ನೀವೆಲ್ಲ?" ಹೆಣಿಗೆಯ ಕಡ್ಡಿ ತಗೊಂಡು ಆ ಸಂದಿಯಲ್ಲಿ ತಿವಿದಳಂತೆ. ಒಂದು ಸಲ, ಎರಡು ಸಲ ಅಲ್ಲ, ಅರ್ಧ ಗಂಟೆಗೂ ಮೇಲೆ, ಅಳಿಯನೋ ನಾದಿನಿಯೋ ಸಿಕ್ಕ ಹಾಗೆ. ಠಣ್ ಅಂತ ಏನೋ ಹಾರಿ ಗೋಡೆಗೆ ಬಡಿಯಿತು.

"ಇಲಿ ಅಲ್ಲ ಇದು," ಅಂತ ಮೇಲಿನಿಂದ ಬಂತು ದನಿ. "ಬಿಲ್ಲೆ. ಕ್ಲೈವ್‌ದು. ಅವನ ಮ್ಯಾಂಚೆಸ್ಟರ್ ಟೀಮಿನ ಬಿಲ್ಲೆ."

ಹಜಾರದಲ್ಲಿ ಎಲ್ಲರೂ ಒಟ್ಟಿಗೆ ಕ್ಲೈವ್ ಕಡೆ ತಿರುಗಿದರು. ಅವನು ತನ್ನ ಕೋಟಿನ ಬಿಲ್ಲೆಗಳನ್ನು ಎಣಿಸಿ ನೋಡಿಕೊಂಡ. ಒಂದು ಕಡಿಮೆ ಇತ್ತು. ಅವನ ಟವೆಲು ಹೆಗಲಿಂದ ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ.

ಅಷ್ಟರಲ್ಲಿ ಗೋಡೆಯೊಳಗಿಂದ ಗುರ್ ಅಂತ ಸದ್ದು ಬಂತು. ಲಿಫ್ಟಿನ ಬಾಗಿಲ ಮೇಲಿನ ದೀಪ ಹತ್ತಿತು. ಏಳು ಅಂತ ಅಂಕಿ ಮೂಡಿತು. ಎನ್ಕಾರ್ನಾ ಶಿಲುಬೆಯ ಗುರುತು ಮಾಡಿಕೊಂಡಳು. ಅವಳು ಏನಾದರೂ ಹೇಳುವ ಮೊದಲೇ ಇನ್ಸ್‌ಪೆಕ್ಟರ್ ಯೋರ್ಕಾ ಅವಳ ಕೈಯಿಂದ ಪ್ಲಗ್ ಕಿತ್ತುಕೊಂಡು ಓಡಿ ಹೋಗಿ ಗೋಡೆಗೆ ಚುಚ್ಚಿದ. "ಸರ್ಕಾರದ ಕೆಲಸ," ಅಂದ. ನಗರಸಭೆಯ ಅಧಿಕಾರಿಯೊಬ್ಬ ಅಷ್ಟು ಚುರುಕಾಗಿ ಓಡಿದ್ದನ್ನು ನಾನು ಯಾವ ದೇಶದಲ್ಲೂ ಕಂಡಿಲ್ಲ.

ಟಿವಿಗೆ ಜೀವ ಬಂದಾಗ ಸ್ಕೋರು ಒಂದಕ್ಕೊಂದು. ನಾವು ಕತ್ತಲಲ್ಲಿದ್ದಾಗ ನಮ್ಮವರು ಒಂದು ಗೋಲು ಹೊಡೆದಿದ್ದರು. ಅದನ್ನು ನಾವೂ ನೋಡಲಿಲ್ಲ, ಹಾಕ್ಸ್‌ಬಿಯೂ ಕೇಳಲಿಲ್ಲ.

"ಸಮ ಆಗಿದೆ, ಸಮ ಆಗಿದೆ," ಅಂತ ನೆವಿಲ್ ಫೋನಿಗೆ ಕೂಗಿದ. ಆ ಕಡೆ ಮೇಜುಗಳು ಉರುಳಿದ ಸದ್ದು. "ಯಾರು ಹೊಡೆದ್ರು ಕೇಳಬೇಡಿ, ಗೊತ್ತಿಲ್ಲ. ಇನ್ನು ಸ್ವಲ್ಪವೇ ಹೊತ್ತು. ಒಂದೇ ಒಂದು ಸಾಕು."

"ಉಸಿರು ಬಿಡದೆ ಹೇಳೋ," ಅಂದಳು ವಿನಿ.

ಈಗ ಹಜಾರ ಪೂರ್ತಿ ಹಾಕ್ಸ್‌ಬಿ ಆಗಿಬಿಟ್ಟಿತ್ತು. ಅಡುಗೆಯವರು ಸೌಟು ಹಿಡಿದೇ ಬಂದು ನಿಂತರು. ಎನ್ಕಾರ್ನಾ ನೆವಿಲ್ಲನ ಪಕ್ಕದಲ್ಲಿ ನಿಂತು, ಯಾರು ಯಾರೆಂದು ಗೊತ್ತಿಲ್ಲದಿದ್ದರೂ, ಇಟ್ಟಿಗೆ ಬಣ್ಣದವರ ಕಾಲಿಗೆ ಚೆಂಡು ಬಂದಾಗಲೆಲ್ಲ "ಮೇಲೆ, ಮೇಲೆ," ಅನ್ನುತ್ತಿದ್ದಳು. ಕಂಬದ ಹಿಂದಿನಿಂದ ನಾನೂ ಹೊರಗೆ ಬಂದೆ. ಟಿವಿಯ ಹಿಂದೆ ಲಿಫ್ಟು ನಿಧಾನಕ್ಕೆ ಇಳಿಯುತ್ತಿತ್ತು. ಆರು ಅಂತ ಅಂಕಿ ಬಂದು ನಿಂತಿತು. ಅಜ್ಜಿ ಹತ್ತಿರಬೇಕು. ಐದರಲ್ಲಿ ನಿಂತಿತು. ಅಲ್ಲೂ ಯಾರೋ ಹತ್ತಿದರು. ಯಾರೂ ಅದರ ಕಡೆ ನೋಡಲಿಲ್ಲ.

ಟಿವಿಯಲ್ಲಿ ನಮ್ಮವರಿಗೆ ಒಂದು ಕಾರ್ನರ್ ಸಿಕ್ಕಿತು. "ಕಾರ್ನರ್," ಅಂದ ನೆವಿಲ್. "ಎಲ್ಲರೂ ಮುಂದೆ ಬಂದಿದ್ದಾರೆ. ಗೋಲ್‌ಕೀಪರ್ ಕೂಡ ಬಂದಿದ್ದಾನೆ, ಹುಚ್ಚು ಮುಂಡೇದು. ಹೊಡೆದ. ಮೇಲೆ ಬಂತು. ತಲೆ ಕೊಟ್ಟ, ತಪ್ಪಿತು. ಬಿತ್ತು. ಗುಂಪಲ್ಲಿ ಎಲ್ಲೋ ಇದೆ, ಕಾಣ್ತಿಲ್ಲ. ಇವನು ಒದ್ದ, ಅವನಿಗೆ ತಗುಲಿತು..."

ಅವನಿಗೆ ಅಂದರೆ ಯಾರಿಗೆ? ನಮ್ಮ ಬಲಗಡೆಯ ಕತ್ತೆಗೆ. ಅದೂ ಎಲ್ಲಿಗೆ? ಹಿಂಭಾಗಕ್ಕೆ. ಗೋಲಿಗೆ ಬೆನ್ನು ತಿರುಗಿಸಿ ನಿಂತು ಯಾರ ಜೊತೆಯೋ ಜಗಳವಾಡುತ್ತಿದ್ದವನ ಅಂಡಿಗೆ ಚೆಂಡು ಬಡಿದು, ಮೆಲ್ಲಗೆ ಉರುಳಿ, ಗೆರೆ ದಾಟಿ, ಬಲೆಗೆ ಒರಗಿ ಕೂತಿತು. ಅವನಿಗೆ ತಾನು ಗೋಲು ಹೊಡೆದದ್ದು ಗೊತ್ತಾದದ್ದು ಹತ್ತು ಜನ ಮೈಮೇಲೆ ಬಿದ್ದಮೇಲೆ. ಅವರೆಲ್ಲ ಎದ್ದು ಮೈ ಕೊಡವಿಕೊಳ್ಳುವಷ್ಟರಲ್ಲಿ ರೆಫರಿ ಕೊನೆಯ ಸೀಟಿ ಊದಿದ.

ಹಜಾರದಲ್ಲಿ ಎನ್ಕಾರ್ನಾ ಕಿರುಚಿದಳು, ಅಡುಗೆಯವನು ಸೌಟು ಎಸೆದ, ಇನ್ಸ್‌ಪೆಕ್ಟರ್ ನನ್ನನ್ನು ತಬ್ಬಿಕೊಂಡು ನೆಲದಿಂದ ಎತ್ತಿದ. ಆದರೆ ನೆವಿಲ್ಲನ ಬಾಯಿಂದ ಮಾತೇ ಬರಲಿಲ್ಲ. ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಜೀವಮಾನವಿಡೀ ಒಂದು ಕ್ಷಣ ಮುಚ್ಚದ ಬಾಯಿ ಅದು. ಯಾವ ಒಂದು ಮಾತಿಗಾಗಿ ಇಷ್ಟೆಲ್ಲಾ ಆಯಿತೋ, ಆ ಮಾತಿನ ಹೊತ್ತಿಗೆ ಬಿಗಿದುಕೊಂಡು ಹೋಯಿತು. ಫೋನನ್ನು ಎದೆಗೆ ಒತ್ತಿಕೊಂಡು, ಬಾಣಗಳ ಮೇಲೆ ಕಣ್ಣೀರು ಸುರಿಸುತ್ತಾ ಗರಬಡಿದವನಂತೆ ನಿಂತಿದ್ದ.

"ಏನಾಯ್ತು?" ಅನ್ನುತ್ತಿತ್ತು ಫೋನು. "ಏನಾಯ್ತೋ ನೆವಿಲ್? ತಗುಲಿತು ಅಂದೆಯಲ್ಲ, ಆಮೇಲೆ? ಸದ್ದು ಯಾಕೆ? ಯಾರು ಹೊಡೆದ್ರು? ಹೇಳೋ ಪುಣ್ಯಾತ್ಮ, ಸಾಯ್ತಾ ಇದೀವಿ ಇಲ್ಲಿ."

ಟಿವಿಯ ಹಿಂದೆ ಲಿಫ್ಟಿನ ಬಾಗಿಲು ತೆರೆಯಿತು. ಮೊದಲು ಹೊರಬಂದದ್ದು ಹೆಣಿಗೆಯ ಕಡ್ಡಿ, ಆಮೇಲೆ ಡೋರೀನ್, ಅವಳ ಹಿಂದೆ ಅಜ್ಜಿಯರ ದೊಡ್ಡ ದಿಬ್ಬಣ. ಫುಟ್‌ಬಾಲ್ ಅಂದರೆ ಮೂಗು ಮುರಿಯುವ ಡೋರೀನ್ ಟಿವಿಯನ್ನು ಸುತ್ತಿ ಬಂದು, ಕೆಸರಿನಲ್ಲಿ ಉರುಳುತ್ತಿದ್ದ ಹುಡುಗರನ್ನು ನೋಡಿದಳು. ಸ್ಕೋರು ನೋಡಿದಳು. ಗಂಡನ ಮುಖ ನೋಡಿದಳು. ಅವನ ಕೈಯಿಂದ ಮೆಲ್ಲಗೆ ಫೋನು ಬಿಡಿಸಿಕೊಂಡಳು.

"ಸೆಡ್ರಿಕ್, ನಾನು ಡೋರೀನ್," ಅಂದಳು. "ನಾವು ಮೇಲೆ ಹೋದ್ವಿ ಕಣ್ರೋ."

ಆ ಪುಟ್ಟ ಫೋನಿನಿಂದ ಬಂದ ಸದ್ದಿಗೆ ಎನ್ಕಾರ್ನಾ ಅಡುಗೆಮನೆಯ ಗ್ಯಾಸು ಸಿಡಿಯಿತೇನೋ ಅಂತ ತಿರುಗಿ ನೋಡಿದಳು. ಆ ಸದ್ದು ನಿಲ್ಲಲಿಲ್ಲ. ನಿಧಾನಕ್ಕೆ ಹಾಡಾಯಿತು. ಇಡೀ ಕ್ಲಬ್ಬು ಹಾಡುತ್ತಿತ್ತು, ಎಲ್ಲರಿಗಿಂತ ಮೇಲೆ ವಿನಿಯ ಗಂಟಲು.

"ನಡಿ," ಅಂದಳು ಡೋರೀನ್ ಗಂಡನಿಗೆ. "ಐದು ದಿನ ಆಯ್ತು ನಾನು ಬಂದು. ಸಮುದ್ರ ತೋರಿಸು."

ನೆವಿಲ್ ಕಣ್ಣೊರೆಸಿಕೊಂಡು ಅವಳ ತೋಳು ಹಿಡಿದ. ಇಬ್ಬರೂ ಅವಳ ಮಂಡಿಯ ನಡಿಗೆಗೆ ತಕ್ಕಂತೆ ನಿಧಾನವಾಗಿ ಬಿಸಿಲಿಗೆ ಇಳಿದರು. ಡೋರೀನಳ ಕೈಯಲ್ಲಿ ಹಾಡುತ್ತಿದ್ದ ಫೋನನ್ನು ಆರಿಸಲು ಯಾರಿಗೂ ನೆನಪಾಗಲಿಲ್ಲ. ಹಾಗಾಗಿ ಇಡೀ ಹಾಕ್ಸ್‌ಬಿಯೂ ಅವರ ಜೊತೆ ಸಮುದ್ರದ ತನಕ ಹೋಯಿತು.